ಗಿಟಾರಿನ ಟಾಪ್, ಬ್ಯಾಕ್: ಎರಡು ಹಲಗೆ ಒಂದಾಗಬೇಕಾದರೆ

ಅಕೂಸ್ಟಿಕ್ ಗಿಟಾರಿನ ಮುಂಭಾಗದ ಹಲಗೆಯನ್ನು ಟಾಪ್ ಅನ್ನುತ್ತಾರೆ. ನೋಡಲು ಒಂದೇ ಹಲಗೆಯಂತಿದ್ದರೂ ಅದು ಸಾಮಾನ್ಯವಾಗಿ ಎರಡು ಹಲಗೆಗಳ ಜೋಡಿ. ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಗಿಟಾರಿನ ಕೆಳಹೊಟ್ಟೆಯ ಅಗಲ ಸುಮಾರು 397 ಮಿ.ಮೀ. ಅಷ್ಟು ಅಗಲದ, ಎಳೆಗಳು ನೆಟ್ಟಗೆ ನಿಂತ ಹಲಗೆಯನ್ನು ಒಂದೇ ತುಂಡಿನಲ್ಲಿ ಕೊಡುವ ಸ್ಪ್ರೂಸ್ ಮರ ಅಪರೂಪ. ಹಾಗಾಗಿ ಒಂದೇ ದಿಮ್ಮಿಯಿಂದ ಒಂದರ ಪಕ್ಕ ಒಂದು ಕೊಯ್ದ ಎರಡು ತೆಳು ಹಲಗೆಗಳನ್ನು ಪುಸ್ತಕ ತೆರೆದಂತೆ ಬಿಡಿಸಿ, ನಡುವೆ ಅಂಟಿಸುತ್ತಾರೆ. ಎಡಕ್ಕೂ ಬಲಕ್ಕೂ ಎಳೆ ಒಂದಕ್ಕೊಂದು ಹೊಂದುವುದು ಇದರಿಂದಲೇ. ಬ್ಯಾಕ್, ಅಂದರೆ ಹಿಂಭಾಗದ ಹಲಗೆಗೂ ಇದೇ ಕ್ರಮ.

ಕೊನೆಗೆ ಸ್ಟೀಲ್ ತಂತಿಯ ಗಿಟಾರಿನ ಟಾಪ್ 2.5ರಿಂದ 2.8 ಮಿ.ಮೀ. ದಪ್ಪಕ್ಕೆ ಇಳಿಯುತ್ತದೆ, ಕ್ಲಾಸಿಕಲ್ ಗಿಟಾರಿನದು ಇನ್ನೂ ತೆಳು. ಇಡೀ ಜೋಡಣೆ ನಿಂತಿರುವುದು ಅಷ್ಟೇ ದಪ್ಪದ ಅಂಚಿನ ಮೇಲೆ. ಹೊಸಬರು ಹೆಚ್ಚಾಗಿ ಕ್ಲ್ಯಾಂಪಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಗಮನ ಬೇಕಾದದ್ದು ಅಂಚಿಗೆ. ಬರಿಗೈಯಲ್ಲಿ ಹಿಡಿದಾಗಲೇ ಪೂರ್ತಿ ಕೂಡುವ ಅಂಚುಗಳನ್ನು ಅಂಟು ಹತ್ತಾರು ವರ್ಷ ಬಿಡದೆ ಹಿಡಿಯುತ್ತದೆ. ಬಲವಂತವಾಗಿ ಬಿಗಿದು ಕೂಡಿಸಿದ ಅಂಚುಗಳು ಒಳಗೊಳಗೇ ಬಿಡಿಸಿಕೊಳ್ಳಲು ಎಳೆಯುತ್ತಲೇ ಇರುತ್ತವೆ, ಒಣ ಹವೆ ಬಂದ ವರ್ಷ ಬಿಟ್ಟುಕೊಳ್ಳುತ್ತವೆ.

ಮೊದಲು ಹವೆ

ಸ್ಪ್ರೂಸ್ ಮರದೊಳಗಿನ ತೇವ ಶೇ. 1ರಷ್ಟು ಬದಲಾದರೆ 400 ಮಿ.ಮೀ. ಅಗಲದ ಟಾಪ್ ಹತ್ತಿರ ಹತ್ತಿರ 0.6 ಮಿ.ಮೀ. ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಗಾಳಿಯ ಆರ್ದ್ರತೆ ಶೇ. 45 ಇದ್ದಾಗ ಮರದಲ್ಲಿ ಶೇ. 8ರಿಂದ 9ರಷ್ಟು ತೇವ ನಿಲ್ಲುತ್ತದೆ. ಅದೇ ಆರ್ದ್ರತೆ ಶೇ. 75 ಆದರೆ ಮರದ ತೇವ ಶೇ. 14ರ ಹತ್ತಿರ ಹೋಗುತ್ತದೆ. ಲೆಕ್ಕ ಹಾಕಿದರೆ ಹಲಗೆ 3 ಮಿ.ಮೀ. ಅಗಲವಾಯಿತು. ಮಂಗಳೂರಿನ ಜುಲೈಗೂ ಬೆಂಗಳೂರಿನ ಮಾರ್ಚಿಗೂ ಇರುವ ಅಂತರ ಇದಕ್ಕಿಂತ ಕಡಿಮೆಯೇನಲ್ಲ.

ಹಲಗೆ ಕೈಗೆ ಬಂದ ದಿನವೇ ಅಂಟಿಸಬಾರದು. ಶೇ. 40ರಿಂದ 50ರ ಆರ್ದ್ರತೆಯ ಕೋಣೆಯಲ್ಲಿ, ಹಲಗೆಗಳ ನಡುವೆ ಒಂದೇ ದಪ್ಪದ ರೀಪುಗಳನ್ನಿಟ್ಟು, ಎರಡೂ ಮುಖಕ್ಕೆ ಗಾಳಿ ಆಡುವಂತೆ ಕನಿಷ್ಠ ಎರಡು ಮೂರು ವಾರ ಬಿಡಿ. ಅಡುಗೆಮನೆಯ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ತೂಗಿ. ತೂಕ ಬದಲಾಗುವುದು ನಿಂತಾಗ ಹಲಗೆ ಆ ಕೋಣೆಯ ಹವೆಗೆ ಹೊಂದಿಕೊಂಡಿತು ಎಂದರ್ಥ. ಮಳೆಗಾಲದಲ್ಲಿ ಗಾಳಿಯ ತೇವ ತೆಗೆಯುವ ಯಂತ್ರ (ಡಿಹ್ಯೂಮಿಡಿಫೈಯರ್) ಇಲ್ಲದ ಕೋಣೆಯಲ್ಲಿ ಶೇ. 50 ಸಿಗುವುದಿಲ್ಲ. ಹಾಗಿದ್ದರೆ ಕಾಯುವುದೇ ಮೇಲು.

ಆರ್ದ್ರತೆ ಅಳೆಯುವ ಅಗ್ಗದ ಹೈಗ್ರೋಮೀಟರನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ನೀರು ಬೆರೆಸಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗೆ ಶೇ. 75 ತೋರಿಸಬೇಕು. 68 ತೋರಿಸಿದರೆ ಮೀಟರ್ 7 ಕಡಿಮೆ ಹೇಳುತ್ತಿದೆ, ಅದನ್ನು ಮೀಟರಿನ ಬೆನ್ನಿನ ಮೇಲೆ ಬರೆದಿಟ್ಟುಕೊಳ್ಳಿ.

ಯಾವ ಅಂಚು ಒಳಗೆ, ಯಾವುದು ಹೊರಗೆ

ಕೊಯ್ದು ಮಾರುವ ಟಾಪ್ ಹಲಗೆಗಳು ಸಾಮಾನ್ಯವಾಗಿ 4ರಿಂದ 5 ಮಿ.ಮೀ. ದಪ್ಪ, 550 ಮಿ.ಮೀ. ಉದ್ದ, ತಲಾ 200ರಿಂದ 215 ಮಿ.ಮೀ. ಅಗಲ ಇರುತ್ತವೆ. ಡ್ರೆಡ್‌ನಾಟ್ ಮಾಡುವುದಾದರೆ ಪ್ರತಿ ಹಲಗೆ 205 ಮಿ.ಮೀ.ಗಿಂತ ಕಡಿಮೆ ಇರಬಾರದು. ಅಂಚು ಹೆರೆಯುವಾಗ ಒಂದೆರಡು ಮಿ.ಮೀ. ಹೋಗುತ್ತದೆ. ಮೊದಲ ಜೋಡಣೆ ಕೆಟ್ಟು ಅಂಟಿಸಿದ ಗೆರೆಯಗುಂಟ ಕೊಯ್ದು ಮತ್ತೆ ಮಾಡಬೇಕಾಗಿ ಬಂದರೆ ಇನ್ನೆರಡು ಹೋಗುತ್ತದೆ.

ಸ್ಪ್ರೂಸ್, ಸೀಡರ್ ಎರಡರಲ್ಲೂ ಎಳೆ ಒತ್ತಾಗಿರುವ ಕಡೆ ನಡುವೆ ಬರುವಂತೆ ಇಡುವುದು ರೂಢಿ. ದೊಡ್ಡ ಮರದಲ್ಲಿ ಅದು ಹೆಚ್ಚಾಗಿ ತೊಗಟೆಯ ಕಡೆಯ ಅಂಚು. ಹೆರೆಯುವ ಮೊದಲು ನಡುವಿನ ಅಂಚಿನ ಹತ್ತಿರದ ಒಂದು ಎಳೆಯನ್ನು ಆರಿಸಿ, ಅದಕ್ಕೆ ಸಮಾನಾಂತರವಾಗಿ ಪೆನ್ಸಿಲ್ ಗೆರೆ ಎಳೆಯಿರಿ. ಅಂಚು ಈ ಗೆರೆಗೆ ಬರಬೇಕು. ಎಳೆ ಒಂದು ತುದಿಯಲ್ಲಿ 2 ಮಿ.ಮೀ. ಓರೆಯಾದರೂ ಜೋಡಿಸಿದ ಮೇಲೆ ಎರಡೂ ಬದಿ ಸೇರಿ ನಡುವೆ ಈಟಿಯ ಮೊನೆಯಂಥ ಗುರುತು ಮೂಡುತ್ತದೆ. ಅಂಟು ಎಷ್ಟು ಚೆನ್ನಾಗಿ ಹಿಡಿದಿದ್ದರೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಜೋಡಿಸಿ ಪಾಲಿಶ್ ಮಾಡಿದ ಟಾಪಿನ ಒಂದು ಅರ್ಧ ತಿಳಿಯಾಗಿ, ಇನ್ನೊಂದು ಅರ್ಧ ಕಪ್ಪಾಗಿ ಕಂಡು, ಗಿಟಾರನ್ನು ತಿರುಗಿಸಿದರೆ ಬಣ್ಣ ಅದಲುಬದಲಾಗುವುದುಂಟು. ಅದು ಜೋಡಣೆಯ ದೋಷವಲ್ಲ. ದಿಮ್ಮಿಯನ್ನು ಎಳೆಯಗುಂಟ ಸೀಳದೆ ಓರೆಯಾಗಿ ಕೊಯ್ದಾಗ ನಾರುಗಳು ಮೇಲ್ಮೈಯಿಂದ ಹೊರಬೀಳುತ್ತವೆ, ಬೆಳಕು ಎರಡು ಬದಿಯಲ್ಲಿ ಬೇರೆ ಬೇರೆ ತಾಗುತ್ತದೆ. ಅದಕ್ಕೆ ಮದ್ದು ಕೊಳ್ಳುವಾಗಲೇ, ಸೀಳಿದ ದಿಮ್ಮಿಯ ಹಲಗೆ ಆರಿಸುವುದು.

ಕೊನೆಗೆ ಹಲಗೆಗಳನ್ನು ಬಿಡಿಸಿಟ್ಟು, ಎರಡರ ಮೇಲೂ ಹಾಯುವಂತೆ ಪೆನ್ಸಿಲಿನಲ್ಲಿ ಒಂದು ದೊಡ್ಡ ತ್ರಿಕೋನ ಬರೆಯಿರಿ. ಇದಿಲ್ಲದಿದ್ದರೆ ಹತ್ತು ಸಲ ಎತ್ತಿ ಇಡುವಷ್ಟರಲ್ಲಿ ಯಾವ ತುದಿ ಎತ್ತ ಅನ್ನುವುದೇ ಮರೆಯುತ್ತದೆ.

ಅಂಚು ಹೆರೆಯುವುದು

ಎರಡೂ ಹಲಗೆಗಳನ್ನು ಮುಚ್ಚಿದ ಪುಸ್ತಕದಂತೆ ಒಂದರ ಮೇಲೊಂದು ಇಟ್ಟು ಒಟ್ಟಿಗೇ ಹತ್ತರಿ ಹೊಡೆಯಬೇಕು. ಹತ್ತರಿಯ ಅಲಗು ಸರಿಯಾಗಿ 90 ಡಿಗ್ರಿಗೆ ನಿಲ್ಲದೆ 89ಕ್ಕೆ ನಿಂತಿದೆ ಎನ್ನೋಣ. ಒಟ್ಟಿಗೆ ಹೆರೆದು ಬಿಡಿಸಿದಾಗ ಒಂದರ ಅಂಚು 89 ಡಿಗ್ರಿ, ಇನ್ನೊಂದರದು 91. ಕೂಡಿಸಿದರೆ 180, ಹಲಗೆ ಚಪ್ಪಟೆಯಾಗಿಯೇ ಕೂರುತ್ತದೆ. ಆದರೆ ಉದ್ದಕ್ಕೆ ಆದ ತಪ್ಪು ಹೀಗೆ ಮುಚ್ಚಿಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ಒಂದು ಅಂಚು ನಡುವೆ 0.1 ಮಿ.ಮೀ. ಉಬ್ಬಿದ್ದರೆ ಇನ್ನೊಂದೂ ಅಷ್ಟೇ ಉಬ್ಬಿರುತ್ತದೆ, ತುದಿಗಳಲ್ಲಿ ಸಂದಿ 0.2 ಆಗುತ್ತದೆ. ಆದ್ದರಿಂದ ಮೂಲಮಟ್ಟ ಹಿಡಿದು ಕೋನ ನೋಡುತ್ತಾ ಕೂರುವುದಕ್ಕಿಂತ ಉದ್ದದ ನೇರವನ್ನು ನೋಡುವುದು ಮುಖ್ಯ.

ಇನ್ನೊಂದು ಅನುಕೂಲವೂ ಇದೆ. ಮುಚ್ಚಿದಾಗ ಹಲಗೆಗಳು ಮರದಲ್ಲಿ ಇದ್ದ ಹಾಗೆಯೇ ಇರುತ್ತವೆ, ಎರಡರ ನಾರೂ ಒಂದೇ ದಿಕ್ಕಿಗೆ ಓಡುತ್ತದೆ. ನಾರು ಕಿತ್ತು ಬಂದರೆ ಇಡೀ ಜೋಡಿಯನ್ನು ತುದಿ ಬದಲಿಸಿ ಇಟ್ಟರೆ ಸಾಕು.

ಹೆರೆಯುವಾಗ ಹಲಗೆ ಹಿಡಿದಿಡಲು ಬೇಕಾಗುವ ಪಾಟು, ಅಂದರೆ ಚೌಕಟ್ಟು, ಸರಳ. 18 ಮಿ.ಮೀ. ಪ್ಲೈವುಡ್ಡಿನ 700 ಮಿ.ಮೀ. ಉದ್ದದ ಹಲಗೆ, ಅದರ ಕೆಳಗೆ ಅದಕ್ಕಿಂತ 100 ಮಿ.ಮೀ. ಅಗಲವಾದ ಇನ್ನೊಂದು. ಕೆಳಗಿನ ಹಲಗೆಯ ಹೊರಚಾಚಿದ ಭಾಗದ ಮೇಲೆ ಹತ್ತರಿ ಪಕ್ಕಕ್ಕೆ ಮಲಗಿ ಓಡುತ್ತದೆ. ಗಿಟಾರಿನ ಹಲಗೆಗಳು ಮೇಲಿನ ಪ್ಲೈಯ ಮೇಲೆ, ಅಂಚು 1ರಿಂದ 2 ಮಿ.ಮೀ. ಹೊರಗೆ ಚಾಚಿರುವಂತೆ ಕೂರಬೇಕು. ಅವುಗಳ ಮೇಲೆ ನೇರವಾದ, ಗಟ್ಟಿಯಾದ ಒಂದು ರೀಪನ್ನು ಅಂಚಿಗೆ ತೀರ ಹತ್ತಿರ ಇಟ್ಟು ಎರಡು ತುದಿಯಲ್ಲೂ ಕ್ಲ್ಯಾಂಪ್ ಹಾಕಿ. ಹಲಗೆ ಅಲೆಯಂತೆ ಬಾಗಿದ್ದರೆ ಈ ರೀಪೇ ಅದನ್ನು ಚಪ್ಪಟೆ ಹಿಡಿಯುತ್ತದೆ. ಹಿಡಿಯದಿದ್ದರೆ ಹೆರೆಯುವಾಗ ನೇರ, ಬಿಟ್ಟಾಗ ಸೊಟ್ಟ.

ಹತ್ತರಿ ಉದ್ದವಾದಷ್ಟೂ ಒಳ್ಳೆಯದು. 7ನೇ ನಂಬರಿನ ಜಾಯಿಂಟರ್ 559 ಮಿ.ಮೀ. ಇದೆ, ಗಿಟಾರಿನ ಹಲಗೆಯಷ್ಟೇ ಉದ್ದ. 355 ಮಿ.ಮೀ. ಉದ್ದದ 5ನೇ ನಂಬರಿನಿಂದಲೂ ಆಗುತ್ತದೆ, ಕೈ ಹದ ಬೇಕು ಅಷ್ಟೇ. ತಳ ನೇರವಿದೆಯೇ ಎಂದು 12 ಮಿ.ಮೀ. ಗಾಜಿನ ಮೇಲೋ ಪಾಲಿಶ್ ಗ್ರಾನೈಟಿನ ಮೇಲೋ ಇಟ್ಟು ನೋಡಿ. ಅಲಗು ಮುಂಗೈಯ ಕೂದಲು ಬೋಳಿಸುವಷ್ಟು ಹರಿತವಿರಲಿ. ಸ್ಪ್ರೂಸ್ ಮೆತ್ತಗಿರುವುದರಿಂದಲೇ ಮೊಂಡ ಅಲಗನ್ನು ಸಹಿಸುವುದಿಲ್ಲ: ಎಳೆಗಳ ನಡುವಿನ ಮೆತ್ತನೆ ಭಾಗ ಕತ್ತರಿಸುವ ಬದಲು ಅದುಮಿಹೋಗಿ, ಅಂಟಿನ ನೀರು ತಾಗಿದಾಗ ಮತ್ತೆ ಉಬ್ಬುತ್ತದೆ.

ಹೊಡೆತ ಶುರುವಾಗುವಾಗ ಒತ್ತಡ ಹತ್ತರಿಯ ಮುಂದಿನ ಭಾಗದ ಮೇಲೆ, ಮುಗಿಯುವಾಗ ಹಿಂಭಾಗದ ಮೇಲೆ ಇರಲಿ. ಇದು ತಪ್ಪಿದಾಗ ಎರಡೂ ತುದಿ ಹೆಚ್ಚು ಸವೆದು ನಡು ಉಬ್ಬುತ್ತದೆ, ಎಲ್ಲರಿಗೂ ಮೊದಲು ಆಗುವ ತಪ್ಪು ಇದೇ. ಉಬ್ಬು ಬಂದರೆ ಎರಡೂ ತುದಿಯಲ್ಲಿ 50 ಮಿ.ಮೀ. ಬಿಟ್ಟು ನಡುವೆ ಮಾತ್ರ ಹೊಡೆಯುತ್ತಾ ಹೋಗಿ. ಉದ್ದ ಹತ್ತರಿಯಾದರೆ ಒಂದು ಹಂತದಲ್ಲಿ ತಾನಾಗಿ ಕೊಯ್ಯುವುದನ್ನು ನಿಲ್ಲಿಸುತ್ತದೆ. ಆಗ ತುದಿಯಿಂದ ತುದಿಗೆ ಒಂದು ಅಥವಾ ಎರಡು ಹೊಡೆತ ಹಾಕಿ, ಮುರಿಯದೆ ಪೂರ್ತಿ ಉದ್ದಕ್ಕೆ ಒಂದೇ ಸುರುಳಿಯಾಗಿ ಹೆರೆ ಬರಬೇಕು. ಕೊನೆಯ ಹೆರೆಗಳು ಆಚೆ ಕಡೆ ಕಾಣುವಷ್ಟು ತೆಳುವಾಗಿರಲಿ.

ಹತ್ತರಿ ಕೈಗೆ ಹತ್ತದವರು ಕಿಟಕಿ ಮಾಡುವವರ ಬಳಿ ಸಿಗುವ ಅಲ್ಯುಮಿನಿಯಮ್ ಬಾಕ್ಸ್ ಸೆಕ್ಷನ್ 900 ಮಿ.ಮೀ. ತಂದು, ಒಂದು ಮುಖಕ್ಕೆ 120 ಗ್ರಿಟ್ಟಿನ ಸ್ಯಾಂಡ್ ಪೇಪರ್ ಅಂಟಿಸಿ ಉಜ್ಜಬಹುದು. ನೇರ ಬೇಗ ಬರುತ್ತದೆ. ಆದರೆ ಉಜ್ಜಿದ ಅಂಚಿನ ಮೂಲೆಗಳು ದುಂಡಾಗುತ್ತವೆ, ನಾರಿನ ಬಾಯಿಗೆ ಪುಡಿ ತುಂಬುತ್ತದೆ, ಗೆರೆ ದಪ್ಪಗೆ ಕಾಣುತ್ತದೆ. ಪೇಪರಿನಿಂದ ನೇರ ಮಾಡಿ, ಬ್ರಷ್ಷಿನಿಂದ ಪುಡಿ ತೆಗೆದು, ಕೊನೆಯ ಎರಡು ಹೊಡೆತ ಹತ್ತರಿಯಿಂದ ಹೊಡೆದರೆ ಎರಡರ ಲಾಭವೂ ಸಿಗುತ್ತದೆ.

ಬೆಳಕಿನ ಪರೀಕ್ಷೆ

ಕೋಣೆ ಕತ್ತಲು ಮಾಡಿ, ಟ್ಯೂಬ್‌ಲೈಟಿನ ಎದುರು ಒಂದು ಹಲಗೆಯನ್ನು ಅಂಚು ಮೇಲಾಗಿ ನಿಲ್ಲಿಸಿ, ಅದರ ಮೇಲೆ ಇನ್ನೊಂದರ ಅಂಚನ್ನು ಕೂರಿಸಿ. ಒತ್ತಬೇಡಿ, ಹಲಗೆಯ ಸ್ವಂತ ತೂಕವೇ ಸಾಕು. ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದಿಯಲ್ಲೂ ಬೆಳಕು ಕಾಣುತ್ತದೆ.

ತುದಿಗಳಲ್ಲಿ ಬೆಳಕು ಬಂದರೆ ನಡು ಉಬ್ಬಿದೆ. ಮೇಲಿನ ಹಲಗೆಯನ್ನು ಮೆಲ್ಲಗೆ ತಿರುಗಿಸಿದರೆ ಅದು ನಡುವಿನ ಒಂದೇ ಬಿಂದುವಿನ ಮೇಲೆ ಸಲೀಸಾಗಿ ತಿರುಗುತ್ತದೆ. ನಡುವೆ ಬೆಳಕು ಬಂದರೆ ಹಳ್ಳ ಬಿದ್ದಿದೆ, ತುದಿಯಿಂದ ತುದಿಗೆ ಉದ್ದ ಹತ್ತರಿ ಹೊಡೆದರೆ ಹೋಗುತ್ತದೆ. ಮೇಜಿನ ಹಲಗೆ ಕೂಡಿಸುವಾಗ ಬಡಗಿಗಳು ನಡುವೆ ಬೇಕೆಂದೇ ಚೂರು ಹಳ್ಳ ಬಿಟ್ಟು ಬಿಗಿಯುವುದುಂಟು. ಇಲ್ಲಿ ಅದು ಬೇಡ, ಇಷ್ಟು ತೆಳು ಹಲಗೆಯಲ್ಲಿ ಆ ಬಿಗುವಿಗೆ ಜಾಗವಿಲ್ಲ. ಒಂದು ಮುಖದಿಂದ ಸಂದಿ ಕಂಡು ಇನ್ನೊಂದು ಮುಖದಿಂದ ಕಾಣದಿದ್ದರೆ ಹೆರೆಯುವಾಗ ಹಲಗೆಗಳು ಜರುಗಿವೆ ಅಥವಾ ಒಂದು ಸರಿಯಾಗಿ ಕೆಳಗೆ ಕೂತಿರಲಿಲ್ಲ. ಬಿಡಿಬಿಡಿಯಾಗಿ ತಿದ್ದಲು ಹೋಗಬೇಡಿ. ಮತ್ತೆ ಮುಚ್ಚಿ, ಒಟ್ಟಿಗೇ ಹೆರೆಯಿರಿ.

ಬೆಳಕು ನಿಂತ ಮೇಲೆ ಊಟಕ್ಕೆ ಏಳಬಾರದು. ಹೊಸದಾಗಿ ಹೆರೆದ ಅಂಚು, ಅದರಲ್ಲೂ ಹಲಗೆಯ ಎರಡು ತುದಿಗಳು ಗಾಳಿಯ ತೇವವನ್ನು ಬೇಗ ಹೀರಿ ಅಥವಾ ಬಿಟ್ಟು ಆಕಾರ ಬದಲಿಸುತ್ತವೆ. ಬೆಳಿಗ್ಗೆ ಕೂಡಿದ ಅಂಚು ಸಂಜೆ ತುದಿಯಲ್ಲಿ ಬಾಯಿ ಬಿಟ್ಟಿರುವುದು ಮಾಮೂಲು. ಒಂದು ಗಂಟೆಯೊಳಗೆ ಅಂಟಿಸಿ.

ಅಂಟು ಮತ್ತು ಬೆಣೆ

ಟೈಟ್‌ಬಾಂಡ್ ಒರಿಜಿನಲ್‌ನಂಥ ಹಳದಿ ಅಂಟು ಈ ಕೆಲಸಕ್ಕೆ ಸಾಕು. ಒಣಗಿದ ಮೇಲೆ ಗಟ್ಟಿಯಾಗುತ್ತದೆ, ಉಜ್ಜಿದರೆ ಪುಡಿಯಾಗಿ ಬರುತ್ತದೆ. ಸಾಮಾನ್ಯ ಬಿಳಿ ಪಿವಿಎ ಅಂಟು ಒಣಗಿಯೂ ಸ್ವಲ್ಪ ರಬ್ಬರಿನಂತಿರುತ್ತದೆ. ಬಿಸಿಯಲ್ಲಿ ನಿಧಾನವಾಗಿ ಜರುಗಿ, ಪಾಲಿಶಿನ ಕೆಳಗೆ ಗೆರೆ ಎದ್ದು ಕಾಣುವಂತೆ ಮಾಡುತ್ತದೆ. ಸೋಫಾಗೆ ಸರಿ, ಗಿಟಾರಿಗೆ ಬೇಡ. ಚರ್ಮದಿಂದ ತೆಗೆದ ಬಿಸಿ ಅಂಟು, ಅಂದರೆ ಹೈಡ್ ಗ್ಲೂ, ಎಲ್ಲಕ್ಕಿಂತ ತೆಳುವಾದ ಗೆರೆ ಕೊಡುತ್ತದೆ. ಅದನ್ನು ಎರಡರಷ್ಟು ತೂಕದ ತಣ್ಣೀರಿನಲ್ಲಿ ನೆನೆಸಿ 60ರಿಂದ 63 ಡಿಗ್ರಿಗೆ ಕಾಯಿಸಬೇಕು. ಹಚ್ಚಿದ ಅರ್ಧ ನಿಮಿಷದಲ್ಲೇ ಹೆಪ್ಪುಗಟ್ಟತೊಡಗುವುದರಿಂದ ಹಲಗೆಯ ಅಂಚನ್ನೂ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಟ್ಟುಕೊಳ್ಳಬೇಕು. ಮೊದಲ ಗಿಟಾರಿಗೆ ಹಳದಿ ಅಂಟೇ ಇರಲಿ.

ತೆಳು ಹಲಗೆಯನ್ನು ಪಕ್ಕದಿಂದ ಒತ್ತಿದರೆ ನಡುವೆ ಎದ್ದು ಡೇರೆಯಂತಾಗುತ್ತದೆ. ಹಾಗಾಗಿ ಪಕ್ಕದ ಒತ್ತಡ, ಮೇಲಿನ ಒತ್ತಡ ಎರಡೂ ಬೇಕು. ಬೆಣೆಯ ಪಾಟು ಇದಕ್ಕೆ ಅಗ್ಗದ ಉಪಾಯ. 18 ಮಿ.ಮೀ. ಪ್ಲೈವುಡ್ 600 × 560 ಮಿ.ಮೀ. ತೆಗೆದುಕೊಂಡು, ಒಂದು ಬದಿಗೆ 12 ಮಿ.ಮೀ. ಎತ್ತರದ ನೇರ ರೀಪನ್ನು ಸ್ಕ್ರೂ ಹಾಕಿ ಕೂರಿಸಿ. ಎದುರು ಬದಿಗೆ ಅಂಥದೇ ಇನ್ನೊಂದು. ಎರಡು ಹಲಗೆ ಕೂಡಿ 410 ಮಿ.ಮೀ. ಇದ್ದರೆ ರೀಪುಗಳ ನಡುವೆ 460 ಮಿ.ಮೀ. ಜಾಗ ಬಿಡಿ. 20 ಮಿ.ಮೀ. ಅಗಲದ ಸಡಿಲ ಪಟ್ಟಿಯೊಂದು ಹಲಗೆಯ ಅಂಚಿಗೆ ಒತ್ತಿ ಕೂರುತ್ತದೆ, ಇದರಿಂದ ಬೆಣೆ ಹಲಗೆಯನ್ನು ಕಚ್ಚುವುದಿಲ್ಲ. ಉಳಿದ 30 ಮಿ.ಮೀ.ಗೆ ನಾಲ್ಕು ಜೋಡಿ ಬೆಣೆ. ಪ್ರತಿ ಬೆಣೆ 150 ಮಿ.ಮೀ. ಉದ್ದ, ಒಂದು ತುದಿ 20, ಇನ್ನೊಂದು 10 ಮಿ.ಮೀ. ಎದುರುಬದುರಾಗಿ ಜಾರಿಸಿದರೆ ಜೋಡಿಯ ಹೊರ ಅಂಚುಗಳು ಸಮಾನಾಂತರವಾಗಿಯೇ ಉಳಿಯುತ್ತವೆ. ಗೆರೆ ಬರುವ ಜಾಗದಲ್ಲಿ ಪ್ಲೈಯ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ, ಅದಕ್ಕೆ ಅಂಟು ಹಿಡಿಯುವುದಿಲ್ಲ. ಗೆರೆಯ ಮೇಲೆ ಕೂರುವ 50 × 25 ಮಿ.ಮೀ. ರೀಪಿಗೂ ಟೇಪ್ ಸುತ್ತಿ.

ಬೆಣೆ ಮಾಡಲು ಬೇಸರವಾದರೆ ಎರಡು ರೀಪುಗಳ ನಡುವಿನ ಡೇರೆಯನ್ನೇ ಉಪಯೋಗಿಸಬಹುದು. ಗೆರೆಯ ಕೆಳಗೆ 10 ಮಿ.ಮೀ. ಪಟ್ಟಿ ಇಟ್ಟು, ಹಲಗೆಗಳ ಹೊರ ಅಂಚಿಗೆ ತಾಗುವಂತೆ ಎರಡೂ ಕಡೆ ರೀಪು ಬಿಗಿಯಿರಿ. ಪಟ್ಟಿ ತೆಗೆದು ನಡುವೆ ಒತ್ತಿ ಮಟ್ಟ ಮಾಡಿದಾಗ, 205 ಮಿ.ಮೀ. ಅಗಲದ ಹಲಗೆಗಳಲ್ಲಿ ಸುಮಾರು 0.5 ಮಿ.ಮೀ.ನಷ್ಟು ಬಿಗಿತ ಸಿಗುತ್ತದೆ. ಸ್ಪ್ರೂಸಿಗೆ ಅದು ಸಾಕಷ್ಟಾಯಿತು. ಸೀಡರ್ ಇನ್ನೂ ಮೆತ್ತಗೆ, ಅದಕ್ಕೆ 6 ಮಿ.ಮೀ. ಪಟ್ಟಿ ಸಾಕು.

ಅಂಟಿಲ್ಲದೆ ಒಮ್ಮೆ ಪೂರ್ತಿ ಬಿಗಿದು ನೋಡಿ. ಆಮೇಲೆ ಒಂದು ಅಂಚಿಗೆ ಬೆರಳಿನಿಂದ ತೆಳುವಾಗಿ, ಎಲ್ಲೂ ಒಣ ಜಾಗ ಉಳಿಯದಂತೆ ಅಂಟು ಹಚ್ಚಿ. ಇಡೀ ಅಂಚಿಗೆ ಬೇಕಾಗುವುದು ಟೀ ಚಮಚದ ಕಾಲು ಭಾಗ. ಹಲಗೆಗಳನ್ನು ಕೂಡಿಸಿ ಉದ್ದಕ್ಕೆ 10 ಮಿ.ಮೀ.ನಷ್ಟು ಹಿಂದೆ ಮುಂದೆ ಎರಡು ಸಲ ಉಜ್ಜಿ, ತುದಿ ಸರಿಮಾಡಿ. ಬೆಣೆಗಳನ್ನು ಬೆರಳಿನಲ್ಲೇ ಬಿಗಿಯಿರಿ. ಉಗುರಿನಿಂದ ಗೆರೆಯ ಮೇಲೆ ಅಡ್ಡ ಎಳೆದು ಮೆಟ್ಟಿಲು ಬಂದಿದೆಯೇ ನೋಡಿ, ಬಂದಿದ್ದರೆ ಎತ್ತರದ ಬದಿಯನ್ನು ಒತ್ತಿ ಮಟ್ಟ ಮಾಡಿ. ಅರ್ಧ ಮಿ.ಮೀ. ಮೆಟ್ಟಿಲು ಅಂದರೆ ಮುಂದೆ ಎರಡೂ ಮುಖದಲ್ಲಿ ಅರ್ಧ ಮಿ.ಮೀ. ಮರ ದಂಡ. ಆಮೇಲೆ ಗೆರೆಯ ಮೇಲಿನ ರೀಪನ್ನು ತುದಿಗಳಲ್ಲಿ ಕ್ಲ್ಯಾಂಪ್ ಹಾಕಿ, ನಡುವೆ ಒಂದು ಇಟ್ಟಿಗೆ ಇಡಿ. ಕೊನೆಗೆ ಬೆಣೆಗಳಿಗೆ ಸಣ್ಣ ಸುತ್ತಿಗೆಯಿಂದ ಒಂದೊಂದೇ ಹಗುರ ಪೆಟ್ಟು, ನಡುವಿನಿಂದ ತುದಿಯ ಕಡೆಗೆ. ಇದೆಲ್ಲ ಐದು ನಿಮಿಷದೊಳಗೆ ಮುಗಿಯಬೇಕು. ಬೇಸಿಗೆಯ ಮಧ್ಯಾಹ್ನವಾದರೆ ಇನ್ನೂ ಬೇಗ.

ಗೆರೆಯುದ್ದಕ್ಕೂ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು ಸಾಲಾಗಿ ಬಂದರೆ ಒತ್ತಡ ಸರಿಯಿದೆ. ಎಲ್ಲಾದರೂ ಹನಿ ಬರದಿದ್ದರೆ ಅಲ್ಲಿ ಅಂಟು ಸಾಲದು. ಧಾರೆಯಾಗಿ ಸುರಿದರೆ ಹೆಚ್ಚಾಗಿ ಹಚ್ಚಿದ್ದೀರಿ, ಅದರಿಂದ ಕೆಟ್ಟದ್ದೇನೂ ಇಲ್ಲ. ಹೊಂದದ ಅಂಚನ್ನು ಕೂಡಿಸಲೆಂದು ಬೆಣೆಯನ್ನು ಬಡಿಯುತ್ತಾ ಹೋದರೆ ಮುಟ್ಟುವ ಜಾಗಗಳಲ್ಲಿ ಅಂಟೆಲ್ಲ ಹೊರಗೆ ಹೋಗಿ ಬರೀ ಮರಕ್ಕೆ ಮರ ಉಳಿಯುತ್ತದೆ, ಸಂದಿಯಿರುವಲ್ಲಿ ದಪ್ಪ ಅಂಟು ತುಂಬಿ ಹಳದಿ ಗೆರೆ ಕಾಣುತ್ತದೆ.

ಬೀಟೆಯ ಬ್ಯಾಕ್

ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್ಡಿಗೆ ಬದಲಾಯಿಸಿಕೊಂಡಿತು. ಅದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಇವತ್ತು ಲೋಕದ ಎಷ್ಟೋ ಗಿಟಾರುಗಳ ಬೆನ್ನು ಇದೇ ಮರದ್ದು. ಬೀಟೆ ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಬಿಲ್ಲು ಇಲ್ಲದ ಹಲಗೆ ಕೊಳ್ಳಬೇಡಿ. 2017ರಿಂದ ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2019ರಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಬರೀ ಹಲಗೆಯನ್ನು ಹೊರದೇಶಕ್ಕೆ ಕಳಿಸಲು ಕಾಗದಪತ್ರ ಬೇಕೇಬೇಕು.

ಬೀಟೆಯ ನಾರು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹತ್ತರಿಗೆ ಕಿತ್ತು ಬರುತ್ತದೆ. ಹತ್ತರಿಯ ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ನನ್ನು ಅಲಗಿನ ಬಾಯಿಗೆ 0.3 ಮಿ.ಮೀ.ವರೆಗೆ ತಂದು, ಹೆರೆ ಇನ್ನೂ ತೆಳು ಮಾಡಿ. ಮರದಲ್ಲಿ ಎಣ್ಣೆಯಂಶವಿದೆ. ಹೆರೆದು ಹದಿನೈದು ನಿಮಿಷದೊಳಗೆ ಅಂಟಿಸಿದರೆ ಯಾವ ತೊಂದರೆಯೂ ಇಲ್ಲ, ತಡವಾದರೆ ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಅಂಚು ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿ. ಇದಕ್ಕೆ ಎರಡೂ ಅಂಚಿಗೆ ಹಚ್ಚುವುದು ಒಳ್ಳೆಯದು. ಪುಡಿ ಚರ್ಮಕ್ಕೂ ಶ್ವಾಸಕ್ಕೂ ತುರಿಕೆ ತರುತ್ತದೆ, ಮಾಸ್ಕ್ ಹಾಕದೆ ಉಜ್ಜಬಾರದು.

ಬ್ಯಾಕಿನ ನಡುವೆ ಅಲಂಕಾರದ ಪಟ್ಟಿ ಬೇಕಿದ್ದರೆ ಅದನ್ನೂ ಇದೇ ಬಿಗಿತದಲ್ಲಿ ಕೂಡಿಸಿ. ಆಗ ಕೂಡಬೇಕಾದ ಅಂಚುಗಳು ನಾಲ್ಕು, ಬೆಳಕಿನ ಪರೀಕ್ಷೆಯೂ ಎರಡು ಗೆರೆಗೆ. ಒಳಮುಖದಲ್ಲಿ ಗೆರೆಯ ಮೇಲೆ 15ರಿಂದ 20 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಸ್ಪ್ರೂಸ್ ಪಟ್ಟಿಯನ್ನು ಆಮೇಲೆ ಅಂಟಿಸುತ್ತಾರೆ. ಅದರ ನಾರು ಗೆರೆಗೆ ಅಡ್ಡ ಇರಬೇಕು, ಉದ್ದಕ್ಕೆ ಇಟ್ಟರೆ ಬಲ ಬರುವುದಿಲ್ಲ.

ಬೆಣೆ ಬಿಚ್ಚಿದ ಮೇಲೆ

ಹಳದಿ ಅಂಟು ಒಂದು ಗಂಟೆಯಲ್ಲಿ ಹಿಡಿದಿರುತ್ತದೆ, ಆದರೂ ರಾತ್ರಿಯಿಡೀ ಬಿಡುವುದು ಲೇಸು. ಹೊರಬಂದ ಅಂಟನ್ನು ಹಸಿಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ನಾರಿನೊಳಗೆ ಇಳಿಯುತ್ತದೆ, ಪೂರ್ತಿ ಗಟ್ಟಿಯಾದ ಮೇಲೆ ಉಳಿಯಿಂದ ಎಬ್ಬಿಸಿದರೆ ಸ್ಪ್ರೂಸಿನ ನಾರನ್ನೂ ಕಿತ್ತುಕೊಂಡು ಬರುತ್ತದೆ. ಸ್ಕ್ರೇಪರಿನಿಂದ ಸ್ವಲ್ಪ ಸ್ವಲ್ಪವೇ ಹೆರೆದು ತೆಗೆಯಿರಿ.

ದಪ್ಪ ಇಳಿಸುವ ಕೆಲಸಕ್ಕೆ ಎರಡು ಮೂರು ದಿನ ಕೈ ಹಾಕಬೇಡಿ. ಅಂಟಿನ ನೀರು ಕುಡಿದು ಗೆರೆಯ ಅಕ್ಕಪಕ್ಕದ ಮರ ಉಬ್ಬಿರುತ್ತದೆ. ಆ ಉಬ್ಬನ್ನು ಮಟ್ಟವಾಗಿ ಉಜ್ಜಿದರೆ, ನೀರು ಆರಿದ ಮೇಲೆ ಅಲ್ಲಿ ಹಳ್ಳ ಬೀಳುತ್ತದೆ. ಪಾಲಿಶ್ ಮಾಡಿದ ಮೇಲೆ ಗೆರೆ ಕುಸಿದಂತೆ ಕಾಣುವ ಗಿಟಾರುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಕೂಡಿಸಿದ ಹಲಗೆಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿ, ಅಡ್ಡಲಾಗಿ ನೇರ ಪಟ್ಟಿ ಇಟ್ಟು ಮಾಡಿನಂತೆ ಎದ್ದಿದೆಯೇ ನೋಡಿ. ಗೆರೆಯ ಒಂದು ತುದಿಯಿಂದ 15 ಮಿ.ಮೀ. ಪಟ್ಟಿಯನ್ನು ಕೊಯ್ದು ಕೈಯಲ್ಲಿ ಮುರಿಯಿರಿ, ಗಿಟಾರಿನ ಆಕಾರದಿಂದ ಹೇಗೂ ಹೊರಗೆ ಹೋಗುವ ಭಾಗ ಅದು. ಮರವೇ ಮುರಿದು ಗೆರೆ ಉಳಿದರೆ ಅಂಟು ಹಿಡಿದಿದೆ. ಗೆರೆಯೇ ಬಿಟ್ಟು ಎರಡೂ ಕಡೆ ನುಣುಪಾದ ಅಂಟು ಕಂಡರೆ ಹಿಂದೆಮುಂದೆ ನೋಡದೆ ಇಡೀ ಗೆರೆಯನ್ನು ಕೊಯ್ದು ಹತ್ತರಿಯಿಂದ ಮತ್ತೆ ಶುರು ಮಾಡಿ. ತುದಿಯಲ್ಲಿ ಮಾತ್ರ ಬಾಯಿ ಬಿಟ್ಟ ಗೆರೆಗೆ ಸೂಪರ್‌ಗ್ಲೂ ಸುರಿಯುವುದು ದಾರಿಯಲ್ಲ. ಬಿಟ್ಟ ಭಾಗ ಗಿಟಾರಿನ ಆಕಾರದ ಹೊರಗೆ ಬರುತ್ತದಾದರೆ ಸರಿ, ಒಳಗೆ ಬರುತ್ತದಾದರೆ ಅದೂ ಕೊಯ್ಯಬೇಕಾದದ್ದೇ.

ಸ್ಪ್ರೂಸಿನಲ್ಲಿ ಚೆನ್ನಾಗಿ ಕೂಡಿದ ಗೆರೆ ಎಳೆಗಳ ನಡುವೆ ಸೇರಿಹೋಗುತ್ತದೆ. ಕುತ್ತಿಗೆ, ತಂತಿ ಕಟ್ಟುವ ಬ್ರಿಡ್ಜ್, ಟಾಪಿನ ರಂಧ್ರದ ಸುತ್ತಲಿನ ಅಲಂಕಾರವಾದ ರೋಸೆಟ್ ಎಲ್ಲದರ ಅಳತೆಯೂ ಆ ಗೆರೆಯಿಂದಲೇ, ಆದ್ದರಿಂದ ಉಜ್ಜುವ ಮೊದಲೇ ಎರಡೂ ತುದಿಯ ಕೊಯ್ದ ಮುಖದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಆಮೇಲೆ ಹಲಗೆಯನ್ನು ಗೋಡೆಗೆ ಒರಗಿಸದೆ, ಕೆಳಗೂ ಮೇಲೂ ರೀಪು ಇಟ್ಟು ಅದೇ ಕೋಣೆಯಲ್ಲಿ ಮಲಗಿಸಿಡಿ.